ರಜೆಗೆ ಹೋದ ಊರಲ್ಲಿ ನಲ್ಲಿ ನೀರು ಕುಡಿಯಬಹುದಾ?

ಮೂರು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಮನೆಮಂದಿಯೆಲ್ಲ ಕರಾವಳಿ ಕಡೆ ಹೊರಟಿದ್ದೆವು. ಎರಡನೇ ದಿನ ಮಧ್ಯಾಹ್ನ ಊಟಕ್ಕೆ ಕೂತ ಹೋಟೆಲಿನಲ್ಲಿ ಟೇಬಲ್ ಮೇಲೆ ಸ್ಟೀಲ್ ಜಗ್ ಇತ್ತು. ಬಿಸಿಲಲ್ಲಿ ಸುತ್ತಿ ಬಂದಿದ್ದ ಮಗಳು ಎರಡು ಲೋಟ ಗಟಗಟ ಕುಡಿದಳು. ನಾನು ಕೈ ತೊಳೆಯಲು ಹಿಂದೆ ಹೋದಾಗ ಕಂಡಿದ್ದು ಇದು: ಕೈ ತೊಳೆಯುವ ನಲ್ಲಿಯಲ್ಲೇ ಜಗ್ ತುಂಬಿಸುತ್ತಿದ್ದರು. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್. ಎಂಜಲು ಲೋಟಗಳನ್ನು ಅದರಲ್ಲಿ ಒಂದು ಸಲ ಮುಳುಗಿಸಿ ಎತ್ತಿ, ಹಾಗೇ ಇನ್ನೊಂದು ಟೇಬಲ್‌ಗೆ ಕಳಿಸುತ್ತಿದ್ದರು. ಮಾರನೇ ದಿನ ಬೆಳಗಿನ ಜಾವ ಮಗಳಿಗೆ ವಾಂತಿ ಶುರುವಾಯಿತು. ಉಳಿದ ರಜೆ ಪೂರ್ತಿ ಲಾಡ್ಜ್ ರೂಮಿನಲ್ಲೇ ಕಳೆಯಿತು.

ಆ ನೀರಿನಿಂದಲೇ ಹೀಗಾಯಿತು ಅಂತ ಸಾಬೀತು ಮಾಡಲು ನನ್ನಿಂದ ಆಗದು. ಆದರೆ ಕೇಳಿದವರೆಲ್ಲ ಒಂದೇ ಮಾತು ಹೇಳಿದರು: "ನೀರು ಬದಲಾಯಿತಲ್ಲ, ಹಾಗಾಗುತ್ತೆ ಬಿಡಿ."

ಈ ಮಾತು ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೇವೆ. ಇದರಲ್ಲಿ ಸ್ವಲ್ಪ ಸತ್ಯವೂ ಇದೆ. ನೀರಿನಲ್ಲಿ ಮೆಗ್ನೀಸಿಯಂ, ಸಲ್ಫೇಟ್ ಜಾಸ್ತಿ ಇದ್ದರೆ ಅಭ್ಯಾಸ ಇಲ್ಲದವರಿಗೆ ಹೊಟ್ಟೆ ಸಡಿಲವಾಗಬಹುದು. ಆದರೆ ವಾಂತಿ, ಭೇದಿ, ಜ್ವರ ಬಂದರೆ ಅದು ನೀರು ಬದಲಾದದ್ದರಿಂದ ಅಲ್ಲ. ಹೆಚ್ಚಿನ ಸಲ ನೀರಿಗೋ ಊಟಕ್ಕೋ ಮಲದಲ್ಲಿರುವ ರೋಗಾಣು ಸೇರಿದೆ ಅಂತ ಅರ್ಥ. ಕೇಳಲು ಅಸಹ್ಯ ಅನಿಸುತ್ತೆ, ಆದರೆ ನಿಜ ಇದೇ. ಟೈಫಾಯ್ಡ್, ಕಾಲರಾ, ಹೆಪಟೈಟಿಸ್ ಎ ಮತ್ತು ಇ ಎಂಬ ಕಾಮಾಲೆಗಳು, ಸಾಮಾನ್ಯ ವಾಂತಿಭೇದಿ, ಎಲ್ಲಕ್ಕೂ ದಾರಿ ಅದೊಂದೇ.

ಹಾಗಾಗಿ "ಆ ಊರಿನ ನೀರು ಒಳ್ಳೆಯದಾ?" ಅಂತ ಕೇಳುವುದಕ್ಕಿಂತ "ಈ ನಲ್ಲಿಯ ಹಿಂದೆ ಏನಿದೆ?" ಅಂತ ಕೇಳಬೇಕು.

ಮೊದಲು ನೀರಿನ ದಾರಿ ಕೇಳಿ

ರೂಮಿನ ಕೀಲಿ ಕೈಗೆ ಬಂದ ಕೂಡಲೇ ಮೂರು ಪ್ರಶ್ನೆ ಕೇಳಿ. ನೀರು ಎಲ್ಲಿಂದ ಬರುತ್ತದೆ: ಪುರಸಭೆಯ ಪೈಪಾ, ಬೋರ್‌ವೆಲ್ಲಾ, ಟ್ಯಾಂಕರಾ? ದಿನವಿಡೀ ಬರುತ್ತದಾ, ಇಲ್ಲ ಮೂರು ದಿನಕ್ಕೊಮ್ಮೆ ಬಿಡುತ್ತಾರಾ? ಸಂಪು, ಮೇಲಿನ ಟ್ಯಾಂಕ್ ತೊಳೆದು ಎಷ್ಟು ದಿನ ಆಯಿತು?

ಎರಡನೇ ಪ್ರಶ್ನೆ ಯಾಕೆ ಮುಖ್ಯ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಶುದ್ಧೀಕರಣ ಘಟಕದಿಂದ ಹೊರಡುವಾಗ ನೀರು ಚೆನ್ನಾಗಿಯೇ ಇರಬಹುದು. ಪೈಪಿನಲ್ಲಿ ಸದಾ ನೀರು ಒತ್ತಡದಿಂದ ತುಂಬಿದ್ದರೆ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ, ಹೊರಗಿನದು ಸುಲಭವಾಗಿ ಒಳಗೆ ಬರುವುದಿಲ್ಲ. ನೀರು ನಿಲ್ಲಿಸಿದಾಗ ಪೈಪು ಖಾಲಿ, ಒತ್ತಡವೂ ಇಲ್ಲ. ಆಗ ಪಕ್ಕದ ಚರಂಡಿಯ ನೀರು ಅದೇ ಬಿರುಕಿನಿಂದ ಒಳಗೆ ಇಳಿಯುತ್ತದೆ. ಮತ್ತೆ ನೀರು ಬಿಟ್ಟಾಗ ಆ ಕೊಳೆ ಮೊದಲು ನಲ್ಲಿಗೆ ಬರುತ್ತದೆ.

ಇದು ಊಹೆಯ ಮಾತಲ್ಲ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಬರುತ್ತಿದ್ದ ಕಾಲದಲ್ಲಿ ಉಳಿದ ವಾರ್ಡುಗಳಿಗೆ ಕೆಲವು ದಿನಕ್ಕೊಮ್ಮೆ ಬರುತ್ತಿತ್ತು. ಸಂಶೋಧಕರು ಎರಡೂ ಕಡೆಯ ನಲ್ಲಿ ನೀರು ಪರೀಕ್ಷಿಸಿದರು. ಬಿಟ್ಟುಬಿಟ್ಟು ಬರುವ ನೀರಿನಲ್ಲಿ ರೋಗಾಣುವಿನ ಗುರುತು ಜಾಸ್ತಿ ಸಲ ಸಿಕ್ಕಿತು. ನೀರು ಬಿಟ್ಟ ಮೊದಲ ಹೊತ್ತಿನಲ್ಲಂತೂ ಇನ್ನೂ ಜಾಸ್ತಿ. ನಮ್ಮ ಅಜ್ಜಿಯಂದಿರು "ಮೊದಲ ನೀರು ಪಾತ್ರೆ ತೊಳೆಯೋಕೆ, ಆಮೇಲಿನದು ಕುಡಿಯೋಕೆ" ಅಂತ ಹಿಡಿಯುತ್ತಿದ್ದುದು ಸುಮ್ನೆ ಅಲ್ಲ.

ಹಳ್ಳಿ ಕಡೆ ಹೋಮ್‌ಸ್ಟೇಯಲ್ಲಿ ಇದ್ದರೆ ಊರಿನ ಓವರ್‌ಹೆಡ್ ಟ್ಯಾಂಕಿನ ಗೋಡೆ ನೋಡಿ. ಸ್ವಚ್ಛ ಮಾಡಿದ ದಿನಾಂಕ ಬಣ್ಣದಲ್ಲಿ ಬರೆದಿರುತ್ತಾರೆ. ನೀರುಗಂಟಿ ಸಿಕ್ಕರೆ ಬ್ಲೀಚಿಂಗ್ ಪೌಡರ್ ಯಾವಾಗ ಹಾಕಿದರು ಅಂತ ಕೇಳಿ. ಅವರಿಗಿಂತ ಚೆನ್ನಾಗಿ ಗೊತ್ತಿರುವವರು ಊರಲ್ಲಿ ಬೇರೆ ಯಾರೂ ಇರುವುದಿಲ್ಲ.

ಲೋಟ ಬೆಳಕಿಗೆ ಹಿಡಿದು ನೋಡಿ

ಗಾಜಿನ ಲೋಟದಲ್ಲಿ ನೀರು ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ. ಮೊದಲು ಹಾಲಿನ ಹಾಗೆ ಬೆಳ್ಳಗೆ ಕಂಡು, ಒಂದೆರಡು ನಿಮಿಷದಲ್ಲಿ ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದರೆ ಅದು ಬರೀ ಗಾಳಿಗುಳ್ಳೆ, ಭಯ ಬೇಡ. ತಳದಲ್ಲಿ ಮಣ್ಣು ಕೂತರೆ, ಎಳೆ ಎಳೆಯಾಗಿ ಏನಾದರೂ ತೇಲಿದರೆ, ಚರಂಡಿ ವಾಸನೆ ಇದ್ದರೆ ಚೆಲ್ಲಿಬಿಡಿ.

ಈಜುಕೊಳದ ಹಾಗೆ ಸಣ್ಣಗೆ ಕ್ಲೋರಿನ್ ವಾಸನೆ ಬಂದರೆ ಮುಖ ಸಿಂಡರಿಸಬೇಡಿ. ಅದು ಒಳ್ಳೆಯ ಲಕ್ಷಣ. ನಲ್ಲಿ ತಲುಪುವ ಹೊತ್ತಿಗೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡವೇ ಹೇಳುತ್ತದೆ. ದಾರಿಯಲ್ಲಿ ಸೇರುವ ರೋಗಾಣುಗಳನ್ನು ಕೊಲ್ಲಲು ಅದು ಬೇಕು.

ಒಂದು ಮಾತು ಮಾತ್ರ ನೆನಪಿಡಿ. ಕಣ್ಣಿಗೆ ಕೆಟ್ಟದಾಗಿ ಕಂಡ ನೀರು ಕೆಟ್ಟದ್ದೇ, ಆದರೆ ತಿಳಿಯಾಗಿ ಕಂಡದ್ದೆಲ್ಲ ಒಳ್ಳೆಯದಲ್ಲ. ಟಿಡಿಎಸ್ ಮೀಟರ್ ಕೂಡ ಅಷ್ಟೇ. ಅದು ನೀರಿನಲ್ಲಿ ಕರಗಿದ ಲವಣ ಅಳೆಯುತ್ತದೆ, ರೋಗಾಣುವಿನ ಸುದ್ದಿ ಅದಕ್ಕೆ ಗೊತ್ತಾಗುವುದಿಲ್ಲ. "ಟಿಡಿಎಸ್ 80 ಇದೆ ಸಾರ್, ಧಾರಾಳವಾಗಿ ಕುಡೀರಿ" ಅಂತ ಯಾರಾದರೂ ಹೇಳಿದರೆ ನಂಬಿ ಕೂರಬೇಡಿ.

ಕುದಿಸಿ. ಇದಕ್ಕಿಂತ ದೊಡ್ಡ ಉಪಾಯ ಇಲ್ಲ

ನೀರು ಬಿಸಿಯಾದರೆ ಸಾಲದು, ತಳದಿಂದ ದೊಡ್ಡ ಗುಳ್ಳೆ ಎದ್ದು ಕೊತಕೊತ ಕುದಿಯಬೇಕು. ಹಾಗೆ ಒಂದು ನಿಮಿಷ ಕುದಿದರೆ ಬ್ಯಾಕ್ಟೀರಿಯಾ, ವೈರಸ್, ಜಿಯಾರ್ಡಿಯಾದಂಥ ಪರಾವಲಂಬಿ, ಎಲ್ಲವೂ ಸಾಯುತ್ತವೆ. ಹತ್ತು ನಿಮಿಷ ಕುದಿಸಿ ಗ್ಯಾಸ್ ಖರ್ಚು ಮಾಡುವ ಅಗತ್ಯ ಇಲ್ಲ.

ಎತ್ತರದ ಜಾಗದಲ್ಲಿ ಲೆಕ್ಕ ಬೇರೆ. ಮೇಲೆ ಹೋದಷ್ಟೂ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. 2,000 ಮೀಟರ್ ದಾಟಿದರೆ ಮೂರು ನಿಮಿಷ ಕುದಿಸಬೇಕು. ಕರ್ನಾಟಕದೊಳಗೆ ಈ ಚಿಂತೆ ಇಲ್ಲ, ನಮ್ಮ ಅತಿ ಎತ್ತರದ ಮುಳ್ಳಯ್ಯನಗಿರಿಯೂ 2,000 ಮುಟ್ಟುವುದಿಲ್ಲ. ಆದರೆ ಊಟಿ ದಾಟುತ್ತದೆ. ಕೇದಾರನಾಥ ಸುಮಾರು 3,580 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಲು ಶುರುವಾಗುತ್ತದೆ. ಹಾಗಾಗಿ ಮೂರು ನಿಮಿಷ ಅನ್ನುವುದನ್ನು ಮರೆಯಬೇಡಿ.

ರೂಮಿನ ಎಲೆಕ್ಟ್ರಿಕ್ ಕೆಟಲ್ ಸಾಕು. ಮೊದಲು ಒಂದು ಸಲ ನೀರು ಕುದಿಸಿ ಚೆಲ್ಲಿ, ಯಾಕೆಂದರೆ ನಿಮಗಿಂತ ಮುಂಚೆ ಇದ್ದವರು ಅದರಲ್ಲಿ ಮೊಟ್ಟೆಯನ್ನೋ ನೂಡಲ್ಸನ್ನೋ ಬೇಯಿಸಿರಬಹುದು. ಆಮೇಲೆ ರಾತ್ರಿ ಮಲಗುವ ಮುಂಚೆ ಎರಡು ಸಲ ಕುದಿಸಿ, ಮುಚ್ಚಿ ಆರಲು ಬಿಟ್ಟರೆ ಬೆಳಿಗ್ಗೆ ಹೊರಡುವ ಹೊತ್ತಿಗೆ ಬಾಟಲಿಗೆ ತುಂಬಿಕೊಳ್ಳಬಹುದು. ಬಾಟಲಿಯ ಬಾಯಿ, ಮುಚ್ಚಳದ ಒಳಸುತ್ತನ್ನೂ ಅದೇ ಬಿಸಿ ನೀರಲ್ಲಿ ತೊಳೆಯಿರಿ. ಆರಿದ ನೀರಿಗೆ ಯಾರೂ ಲೋಟ ಅದ್ದಬಾರದು, ಬಗ್ಗಿಸಿಯೇ ಕುಡಿಯಬೇಕು. ಕುದಿಸಿದ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಒಂದು ಕೊಳಕು ಕೈ ಸೋಕಿದರೂ ಮಾಡಿದ ಕೆಲಸವೆಲ್ಲ ಹಾಳು.

ಗೀಸರ್‌ನ ಬಿಸಿ ನೀರು ಕುದಿಸಿದ ನೀರಲ್ಲ. ಅದನ್ನು ಮಗುವಿನ ಹಾಲಿನ ಪುಡಿಗೆ ಬಳಸುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ.

ಆದರೆ ನೀರಿನಲ್ಲಿ ಕರಗಿರುವ ಫ್ಲೋರೈಡ್‌ನಂಥ ರಾಸಾಯನಿಕ ಕುದಿಸಿದರೆ ಹೋಗುವುದಿಲ್ಲ. ಕೋಲಾರ, ಪಾವಗಡ ಕಡೆಯ ಬೋರ್‌ವೆಲ್ ನೀರಿನ ತೊಂದರೆ ಈ ಫ್ಲೋರೈಡ್. ನಾಲ್ಕು ದಿನ ಹೋಗಿಬರುವವರಿಗೆ ಅದರಿಂದ ಭಯವಿಲ್ಲ, ವರ್ಷಗಟ್ಟಲೆ ಕುಡಿಯುವ ಅಲ್ಲಿನ ಜನರಿಗೆ ಅದು ದೊಡ್ಡ ನೋವು. ಆ ಊರುಗಳಲ್ಲಿ ನಾಣ್ಯ ಹಾಕಿ 20 ಲೀಟರ್ ಹಿಡಿಯುವ ಶುದ್ಧ ಕುಡಿಯುವ ನೀರಿನ ಘಟಕ ಇದ್ದರೆ ಅಲ್ಲೇ ಹಿಡಿಯಿರಿ.

ಕುದಿಸಲು ಆಗದಿದ್ದರೆ

ಔಷಧಿ ಅಂಗಡಿಯಲ್ಲಿ ಕ್ಲೋರಿನ್ ಮಾತ್ರೆ ಸಿಗುತ್ತದೆ, ಹ್ಯಾಲೋಜನ್ ಮಾತ್ರೆ ಅಂತಲೂ ಕರೆಯುತ್ತಾರೆ. ಎಷ್ಟು ನೀರಿಗೆ ಎಷ್ಟು ಅಂತ ಚೀಟಿಯಲ್ಲಿ ಇರುವ ಹಾಗೇ ಹಾಕಿ, ಅರ್ಧ ಗಂಟೆ ಬಿಡಿ. ನೀರು ಕೆಂಪಗಿದ್ದರೆ ಮಾತ್ರೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಮೊದಲು ತಿಳಿಯಾಗಲು ಬಿಟ್ಟು ಬಟ್ಟೆಯಲ್ಲಿ ಸೋಸಬೇಕು.

ಈ ಬಟ್ಟೆಯ ವಿಷಯ ನನಗೆ ತುಂಬ ಇಷ್ಟವಾದದ್ದು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಅವರ ಜೊತೆಯವರು ಹಳೆ ಹತ್ತಿ ಸೀರೆಯನ್ನು ಮಡಿಸಿ ನೀರು ಸೋಸಲು ಹೆಂಗಸರಿಗೆ ಕಲಿಸಿದರು. 2003ರಲ್ಲಿ ಬಂದ ಅವರ ವರದಿಯ ಪ್ರಕಾರ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಕಾಲರಾ ರೋಗಾಣು ನೀರಿನ ಸಣ್ಣ ಜೀವಿಗಳಿಗೆ ಅಂಟಿಕೊಂಡಿರುತ್ತದೆ, ಒಗೆದು ಒಗೆದು ಸವೆದ ಬಟ್ಟೆಯ ಮಡಿಕೆಗಳಲ್ಲಿ ಆ ಜೀವಿಗಳು ಸಿಕ್ಕಿಕೊಳ್ಳುತ್ತವೆ. ನಮ್ಮಲ್ಲೂ ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಹಿಡಿಯುತ್ತಾರಲ್ಲ, ಹಾಗೇ. ಆದರೆ ಅರ್ಧ ಕಡಿಮೆಯಾದರೆ ಇನ್ನರ್ಧ ಉಳಿಯಿತು ಅಂತಲೇ ಲೆಕ್ಕ. ಸೋಸಿದ ಮೇಲೂ ಮಾತ್ರೆ ಅಥವಾ ಕುದಿ ಬೇಕೇ ಬೇಕು.

ಲಾಡ್ಜ್ ಪಡಸಾಲೆಯ ಫಿಲ್ಟರ್ ಕಂಡರೆ ಸರ್ವಿಸ್ ಮಾಡಿದ ತಾರೀಕಿನ ಚೀಟಿ ನೋಡಿ. ಚೀಟಿ ಇಲ್ಲ, ನಲ್ಲಿಯ ತುದಿಯಲ್ಲಿ ಪಾಚಿ ಇದೆ ಅಂದರೆ ಬಿಟ್ಟುಬಿಡಿ.

ಬಾಟಲಿ ನೀರು ಕೊಂಡರೆ ಮುಚ್ಚಳದ ಕೆಳಗಿನ ಉಂಗುರ ತಿರುಗಿಸುವಾಗ ಕಟಕಟ ಅಂತ ಮುರಿಯಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಲೈಸೆನ್ಸಿನ 14 ಅಂಕಿ, ತಯಾರಾದ ದಿನ ಇರಬೇಕು. ಕುಡಿದು ಮುಗಿದ ಮೇಲೆ ಬಾಟಲಿಯನ್ನು ಹಿಂಡಿ ಚಪ್ಪಟೆ ಮಾಡಿ, ಮತ್ತೆ ಯಾರೂ ತುಂಬಿಸಿ ಮಾರದ ಹಾಗೆ.

ಲೋಟದಲ್ಲಿ ಕಾಣದ ನೀರು

ಎಷ್ಟೋ ಜನ ನೀರಿನ ಬಾಟಲಿ ಹಿಡಿದುಕೊಂಡೇ ಕಬ್ಬಿನ ಹಾಲು ಕುಡಿಯುತ್ತಾರೆ. ಅದರೊಳಗಿನ ಐಸ್ ಯಾವ ನೀರಿನದು? ಐಸ್ ಆದರೂ ರೋಗಾಣು ಸಾಯುವುದಿಲ್ಲ. ಮಜ್ಜಿಗೆ, ಪಾನಿಪೂರಿಯ ನೀರು, ಹೆಚ್ಚಿಟ್ಟ ಕಲ್ಲಂಗಡಿ, ಹಸಿ ಚಟ್ನಿ, ಎಲ್ಲದರಲ್ಲೂ ನಲ್ಲಿ ನೀರು ಇದೆ. ಕಾಫಿ, ಟೀ, ಬಿಸಿ ಬಿಸಿ ಸಾರು ನಿಶ್ಚಿಂತೆ. ನಿಮ್ಮ ಕಣ್ಣೆದುರಿಗೇ ಕೊಚ್ಚಿದ ಎಳನೀರಂತೂ ಬಹಳ ಒಳ್ಳೆಯದು. ಹಲ್ಲುಜ್ಜಿ ಬಾಯಿ ಮುಕ್ಕಳಿಸಲೂ ಕುಡಿಯುವ ನೀರೇ ಇರಲಿ, ಮಕ್ಕಳು ಅರ್ಧ ನುಂಗಿಬಿಡುತ್ತಾರೆ.

ಕೆಲವು ಊರುಗಳ ಮಾತು

ಮಲೆನಾಡಿನ ಮನೆಗಳಲ್ಲಿ ಗುಡ್ಡದ ಅಬ್ಬಿ ನೀರನ್ನು ಹಿಂದೆ ಅಡಿಕೆ ದಬ್ಬೆಯಲ್ಲಿ ತರುತ್ತಿದ್ದರು, ಈಗ ಪೈಪ್ ಬಂದಿದೆ. ತಂಪಾಗಿ ಸಿಹಿಯಾಗಿ ಇರುತ್ತದೆ. ಆದರೂ ಮೇಲೆ ದನ ಮೇಯುತ್ತವೆ, ಮೊದಲ ಮಳೆಗೆ ಸಗಣಿ, ಕೊಳೆತ ಎಲೆ ತೊಳೆದು ಬರುತ್ತದೆ. ಮನೆಯವರನ್ನು "ಕುದಿಸಿದ ನೀರು ಸಿಗುತ್ತಾ?" ಅಂತ ಕೇಳಿ. ಬೇಸರ ಮಾಡಿಕೊಳ್ಳುವುದಿಲ್ಲ.

ಕೇರಳದ ಹೋಟೆಲುಗಳಲ್ಲಿ ಪತಿಮುಗಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ ನಸುಗೆಂಪು ನೀರು ಕೊಡುತ್ತಾರೆ. ಲೋಟ ಮುಟ್ಟಿ ನೋಡಿ. ಬಿಸಿ ಇದ್ದರೆ ಸರಿ. ಉಗುರು ಬೆಚ್ಚಗಿದ್ದರೆ ತಣ್ಣೀರು ಬೆರೆಸಿರಬಹುದು.

ಒಡಿಶಾದ ಪುರಿಯಲ್ಲಿ 2021ರಿಂದ ನಲ್ಲಿಗೆ ಬಾಯಿ ಕೊಟ್ಟು ಕುಡಿಯಬಹುದಾದ ನೀರನ್ನು 24 ಗಂಟೆ ಕೊಡುವ ಯೋಜನೆ ಇದೆ, ದೇಶದಲ್ಲಿ ಅಂಥ ಮೊದಲ ನಗರ ಅದು. ಆದರೆ ಆ ನೀರು ನೇರವಾಗಿ ಬರುವ ನಲ್ಲಿಗೆ ಈ ಮಾತು. ಲಾಡ್ಜಿನ ಟ್ಯಾಂಕ್ ಹತ್ತಿ ಇಳಿದ ನೀರಿಗೆ ಅಲ್ಲ.

ವಿದೇಶದಲ್ಲಿ ಸಿಂಗಪುರ, ಜಪಾನ್, ಸ್ವಿಟ್ಜರ್ಲೆಂಡ್‌ನಲ್ಲಿ ನಲ್ಲಿ ನೀರು ಧಾರಾಳವಾಗಿ ಕುಡಿಯಿರಿ. ಥಾಯ್ಲೆಂಡ್, ಬಾಲಿ, ವಿಯೆಟ್ನಾಂ, ನೇಪಾಳದಲ್ಲಿ ಬೇಡ. ದುಬೈನಲ್ಲಿ ಸಮುದ್ರದ ನೀರಿನ ಉಪ್ಪು ತೆಗೆದು ಚೆನ್ನಾಗಿಯೇ ಕೊಡುತ್ತಾರೆ, ಅಲ್ಲೂ ಕಟ್ಟಡದ ಟ್ಯಾಂಕಿನ ಬಗ್ಗೆ ಕೇಳಬೇಕು.

ಹೊಟ್ಟೆ ಕೆಟ್ಟೇಬಿಟ್ಟರೆ

ಹೊರಡುವ ಮುಂಚೆಯೇ ಬ್ಯಾಗಿನಲ್ಲಿ ಓಆರ್‌ಎಸ್ ಪುಡಿ ಇಟ್ಟುಕೊಳ್ಳಿ. ದೊಡ್ಡ ಪ್ಯಾಕೆಟ್ಟಿಗೆ 1 ಲೀಟರ್, ಚಿಕ್ಕದಕ್ಕೆ 200 ಮಿಲಿಲೀಟರ್ ನೀರು ಬೇಕು, ಪ್ಯಾಕೆಟ್ ಓದಿಯೇ ಕಲಸಿ. ಪುಡಿ ಇಲ್ಲದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ತಲೆಮಟ್ಟ ಅಳತೆ, ಗೋಪುರ ಬೇಡ. ಮಗಳಿಗೆ ಅವತ್ತು ಲೋಟದಲ್ಲಿ ಕೊಟ್ಟಾಗಲೆಲ್ಲ ವಾಂತಿಯಾಗುತ್ತಿತ್ತು. ಲಾಡ್ಜ್ ನೋಡಿಕೊಳ್ಳುತ್ತಿದ್ದ ಅಜ್ಜಿ ಬಂದು, "ಚಮಚದಲ್ಲಿ ಕೊಡು ಮಗಾ, ಒಂದು ಚಮಚ, ಆಮೇಲೆ ಸ್ವಲ್ಪ ಬಿಡು" ಅಂದರು. ಎರಡು ಗಂಟೆ ಹಾಗೇ ಕೊಟ್ಟೆವು. ನಿಂತಿತು.

ಮಲದಲ್ಲಿ ರಕ್ತ, ಜೋರು ಜ್ವರ, ಆರು ಗಂಟೆಯಾದರೂ ಮೂತ್ರ ಇಲ್ಲದಿರುವುದು, ಕಣ್ಣು ಗುಳಿ ಬೀಳುವುದು, ಮಗು ಎಬ್ಬಿಸಿದರೂ ಮಂಕಾಗಿರುವುದು: ಇದರಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮನೆಗೆ ಬಂದು ಸೂಟ್‌ಕೇಸ್ ಅಟ್ಟಕ್ಕೆ ಹಾಕಿದ ಮೇಲೂ ಒಂದು ಕೆಲಸ ಉಳಿದಿದೆ. ಟೈಫಾಯ್ಡ್ ಕಾಣಿಸಿಕೊಳ್ಳಲು ಒಂದರಿಂದ ಮೂರು ವಾರ ಹಿಡಿಯಬಹುದು, ಹೆಪಟೈಟಿಸ್ ಎ ಕಾಮಾಲೆಗೆ ಎರಡರಿಂದ ಆರೇಳು ವಾರ. ಅಷ್ಟರಲ್ಲಿ ರಜೆಯ ನೆನಪೇ ಹೋಗಿರುತ್ತದೆ. ಬಿಡದ ಜ್ವರ ಬಂದರೆ, ಕಣ್ಣು ಹಳದಿಯಾದರೆ, ಡಾಕ್ಟರಿಗೆ ಮೊದಲು ಹೇಳಬೇಕಾದ್ದು ಯಾವ ಊರಿಗೆ ಹೋಗಿದ್ದಿರಿ, ಯಾವ ದಿನ, ಎಲ್ಲಿಯ ನೀರು ಕುಡಿದಿರಿ ಅನ್ನುವುದನ್ನು.