ಮೈಮೇಲೆ ಬರುತ್ತದೆ ಎಂದವರಿಗೆ ನಾನು ಕೇಳುವ ಪ್ರಶ್ನೆಗಳು

ಸಾಗರ, ಹೊಸನಗರದ ಕಡೆಯಿಂದ ಚಿಕಿತ್ಸೆಗೆಂದು ನನ್ನ ಬಳಿ ಬರುವವರಲ್ಲಿ ಬಹಳ ಮಂದಿ ಮೊದಲು ನೋಟ ಹೇಳುವವರ ಮನೆಗೆ ಹೋಗಿ ಬಂದಿರುತ್ತಾರೆ. ಅದಕ್ಕಾಗಿ ನಾನು ಯಾರನ್ನೂ ಗದರಿಸುವುದಿಲ್ಲ. ತಾಯಿತ ಕಟ್ಟಿಸಿದ ಮೇಲೆ ಎಷ್ಟು ದಿನ ಸರಿಯಿತ್ತು ಎಂಬುದೂ ನನಗೆ ಬೇಕಾದ ಮಾಹಿತಿಯೇ.

ಪೂಜೆಯ ದಿನ ಪಾತ್ರಿಯ ಮೈಮೇಲೆ ದೇವರು ಬಂದು, ಮರುದಿನ ಆತ ಎಂದಿನಂತೆ ತೋಟಕ್ಕೆ ಹೋದರೆ ಅಲ್ಲಿ ವೈದ್ಯರಿಗೆ ಕೆಲಸವಿಲ್ಲ. 2022ರಲ್ಲಿ ಜಾರಿಗೆ ಬಂದ ಐಸಿಡಿ-11, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಕೂಡ ಸಮುದಾಯ ಒಪ್ಪಿದ ಆಚರಣೆಯನ್ನು ಕಾಯಿಲೆಯೆಂದು ಎಣಿಸುವುದಿಲ್ಲ. ಬೇಡವೆಂದರೂ ಬಂದು ಬದುಕನ್ನು ಕೆಡಿಸುವುದನ್ನು ಮಾತ್ರ ಡಿಸೋಸಿಯೇಟಿವ್ ಕಾಯಿಲೆಗಳ, ಅಂದರೆ ಅರಿವು, ನೆನಪು, ತಾನೆಂಬ ಭಾವ ಒಂದರಿಂದೊಂದು ಕಳಚಿಕೊಳ್ಳುವ ಕಾಯಿಲೆಗಳ ಸಾಲಿಗೆ ಸೇರಿಸುತ್ತದೆ.

ಸೊಸೆ ಬಿದ್ದು ಒದ್ದಾಡುತ್ತಾಳೆ, ಚೌಡಿಯ ಕಾಟ ಎಂದು ಅತ್ತೆ ಕರೆತಂದರೆ ಮೊದಲು ಮೂರ್ಛೆರೋಗವನ್ನು ಯೋಚಿಸಬೇಕು. ಬಿದ್ದಾಗ ಕಣ್ಣು ತೆರೆದಿತ್ತೇ? ನಾಲಿಗೆಯ ಅಂಚು ಕಚ್ಚಿತ್ತೇ? ನಿದ್ದೆಯಲ್ಲೂ ಬಂದಿದೆಯೇ? ಮೂರ್ಛೆರೋಗದಲ್ಲಿ ಸಾಮಾನ್ಯವಾಗಿ ಕಣ್ಣು ತೆರೆದಿರುತ್ತದೆ, ಸೆಳೆತ ಎರಡು ಮೂರು ನಿಮಿಷದಲ್ಲಿ ನಿಲ್ಲುತ್ತದೆ. ಕಣ್ಣು ಬಿಗಿದುಕೊಂಡು, ನಿಂತು ನಿಂತು ಬಹಳ ಹೊತ್ತು ನಡೆದರೆ ಸಂಶಯ ಡಿಸೋಸಿಯೇಟಿವ್ ಸೆಳೆತದ ಕಡೆಗೆ ಹೋಗುತ್ತದೆ. ಒಂದೇ ಗುರುತನ್ನು ನಂಬಬಾರದು. ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಪರೀಕ್ಷೆ ಸರಿಯಿದ್ದ ಮಾತ್ರಕ್ಕೆ ಮೂರ್ಛೆರೋಗ ಇಲ್ಲವೆನ್ನಲಾಗದು, ಒಬ್ಬರಿಗೇ ಎರಡೂ ಇರಬಹುದು. ಮೊಬೈಲಿನಲ್ಲಿ ವಿಡಿಯೋ ಮಾಡಿ ತನ್ನಿ ಎನ್ನುತ್ತೇನೆ. ನಾಟಕ ಎಂಬ ಮಾತನ್ನು ನನ್ನ ಕೊಠಡಿಯಲ್ಲಿ ಯಾರೂ ಆಡಕೂಡದು.

ಆಮೇಲೆ ಅತ್ತೆಯನ್ನು ಹೊರಗೆ ಕೂರಿಸುತ್ತೇನೆ. ಹಿಂದೆ ಏನಾಗಿತ್ತು ಎಂದು ನೇರವಾಗಿ ಕೆದಕುವುದಿಲ್ಲ. ನಿದ್ದೆ, ಕನಸು, ಬೆಚ್ಚಿಬೀಳುವುದು, ಹೋಗಲು ಒಲ್ಲದ ಜಾಗ, ನೆನಪಿಲ್ಲದ ಹೊತ್ತು, ಇವುಗಳ ಬಗ್ಗೆ ಕೇಳುತ್ತೇನೆ. ಒಬ್ಬರು ಹೇಳಿದರು: "ಮೆಟ್ಟುಗತ್ತಿಯ ಮುಂದೆ ಕೂತಿರುತ್ತೇನೆ ಡಾಕ್ಟರೇ. ಬುಟ್ಟಿ ತುಂಬಿರುತ್ತದೆ, ಅಡಿಕೆ ಸುಲಿದದ್ದು ಮಾತ್ರ ನೆನಪಿಲ್ಲ." ರೂಢಿಯ ಕೆಲಸದಲ್ಲಿ ಯಾರಿಗಾದರೂ ಹೀಗಾಗಬಹುದು. ಆದರೆ ಅವರಿಗೆ ಅದು ಶುರುವಾಗುತ್ತಿದ್ದುದು ಹಿಂದಿನಿಂದ ಗಂಡಸೊಬ್ಬ ಕೆಮ್ಮಿದಾಗ. ಯಾರ ಕೆಮ್ಮು ಎಂದು ಆ ದಿನ ನಾನು ಕೇಳಲಿಲ್ಲ. ದೌರ್ಜನ್ಯವನ್ನು ನಾನೇ ಊಹಿಸಿ ಬಾಯಿಗೆ ಮಾತು ಕೊಟ್ಟರೆ ನೆನಪೇ ಕಲಸಿಹೋಗುತ್ತದೆ.

ಡಿಸೋಸಿಯೇಟಿವ್ ಅನುಭವಗಳನ್ನು ಅಳೆಯುವ 28 ಪ್ರಶ್ನೆಗಳ ಡಿಇಎಸ್ ಮಾಪನವನ್ನೂ ಬಳಸುತ್ತೇನೆ. ಅಂಕ ಹೆಚ್ಚಿದ್ದರೆ ವಿವರವಾದ ಸಂದರ್ಶನ ಬೇಕೆಂದಷ್ಟೇ ಅರ್ಥ. ಅದರಿಂದಲೇ ರೋಗನಿರ್ಣಯ ಮಾಡುವಂತಿಲ್ಲ. ಆಘಾತವಾಗಿ ಒಂದು ತಿಂಗಳು ಕಳೆಯದೆ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂ-5 ಪ್ರಕಾರ ಪಿಟಿಎಸ್‌ಡಿ (ಆಘಾತದ ನಂತರದ ಒತ್ತಡದ ಕಾಯಿಲೆ) ಎನ್ನಲು ಬರುವುದಿಲ್ಲ. ಆದ್ದರಿಂದ ಮೊದಲ ಭೇಟಿಯಲ್ಲಿ ಕಾಯಿಲೆಯ ಹೆಸರಿನ ಪಕ್ಕ 'ತಾತ್ಕಾಲಿಕ' ಎಂದು ಬರೆಯುವುದೇ ಹೆಚ್ಚು.

ಹೊರರೋಗಿ ಚೀಟಿ ಮನೆಗೆ ಹೋಗುತ್ತದೆ, ಮನೆಯವರೆಲ್ಲ ಓದುತ್ತಾರೆ. ಅದರಲ್ಲಿ ಔಷಧ ಮತ್ತು ಮುಂದಿನ ತಾರೀಕು ಮಾತ್ರ ಇರುತ್ತದೆ. ಆಕೆ ಹೇಳಿದ್ದು ನನ್ನ ಕಪಾಟಿನ ಕಡತದಲ್ಲಿರುತ್ತದೆ.