ವೈದ್ಯನ ಸರದಿ ಬಂದಾಗ ಏನು ಮಾಡಬೇಕು?

ಹೊಸ ಗುಂಪು ಮೇಜಿನ ಸುತ್ತ ಕುಳಿತು ಪಾತ್ರ ಹಂಚಿಕೊಳ್ಳುವಾಗ ಖಡ್ಗವೀರನಾಗಲು ಇಬ್ಬರು, ಮಾಂತ್ರಿಕನಾಗಲು ಇಬ್ಬರು ಕೈ ಎತ್ತುತ್ತಾರೆ. ಆಮೇಲೆ ಯಾರೋ ಮೆಲ್ಲಗೆ ಕೇಳುತ್ತಾರೆ: ‘ಗಾಯ ವಾಸಿ ಮಾಡುವವರು ಯಾರು?’ ಆಗ ಆ ಕೋಣೆಯಲ್ಲಿ ಇಲ್ಲದವರ ತಲೆಗೆ ಆ ಕೆಲಸ ಬೀಳುತ್ತದೆ. ನಾನು ಸಮೋಸ ತರಲು ಹೋಗಿದ್ದೆ.

ಇದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತ ಕಥೆ ನಡೆಸುವ ಆಟದ ಮಾತು. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇದರ ಮೊದಲ ನಿಯಮಪುಸ್ತಕದಲ್ಲಿ ಯೋಧ, ಮಾಂತ್ರಿಕ, ಕ್ಲೆರಿಕ್ ಎಂಬ ಮೂರೇ ಪಾತ್ರವರ್ಗಗಳಿದ್ದವು. ಕ್ಲೆರಿಕ್ ಎಂದರೆ ದೇವರ ಬಲದಿಂದ ಗಾಯ ಮಾಯಿಸುವ ಪುರೋಹಿತ. ಅವನು ಹುಟ್ಟಿದ್ದು ಮಾತ್ರ ಚಿಕಿತ್ಸೆಗಾಗಿ ಅಲ್ಲ. ಆಟದ ಜನಕರಲ್ಲಿ ಒಬ್ಬರಾದ ಡೇವ್ ಆರ್ನೆಸನ್ ಅವರ ಮೇಜಿನಲ್ಲಿ ಒಬ್ಬ ಆಟಗಾರನ ರಕ್ತಪಿಶಾಚಿ ಮಿತಿಮೀರಿ ಬೆಳೆದಾಗ, ಅವನನ್ನು ಎದುರಿಸಲು ಸೃಷ್ಟಿಯಾದ ಪಾತ್ರ ಅದು. ಮೊದಲ ಪುಸ್ತಕದ ಕ್ಲೆರಿಕ್‌ಗೆ ಒಂದನೆಯ ಮಟ್ಟದಲ್ಲಿ ಮಂತ್ರವೇ ಇರಲಿಲ್ಲ! ಕಾಂಪೌಂಡರ್ ಕೆಲಸ ಅವನಿಗೆ ಅಂಟಿಕೊಂಡದ್ದು ಆಮೇಲೆ. ಈಗ ಬಾರ್ಡ್ ಎಂಬ ಗಾಯಕ, ಡ್ರೂಯಿಡ್ ಎಂಬ ವನವಾಸಿ ಕೂಡ ಈ ಕೆಲಸ ಮಾಡಬಲ್ಲರು. ಮುಂದೆ ಹೇಳುವುದೆಲ್ಲ 2014ರ ಐದನೆಯ ಆವೃತ್ತಿಯ ಲೆಕ್ಕ.

ಮೊದಲು ಲೆಕ್ಕ ಹಾಕಿ

ಪಗಡೆಯ ದಾಳ ಮಾತ್ರ ಕಂಡವರಿಗೆ ಒಂದು ಮಾತು: ಇಲ್ಲಿನ ದಾಳಗಳಿಗೆ ನಾಲ್ಕರಿಂದ ಇಪ್ಪತ್ತರವರೆಗೆ ಬೇರೆ ಬೇರೆ ಸಂಖ್ಯೆಯ ಮುಖಗಳಿರುತ್ತವೆ. ಓಗರ್ ಎಂಬ ದೈತ್ಯನ ದೊಣ್ಣೆ ತಗಲಿದರೆ ಎರಡು ಎಂಟುಮುಖದ ದಾಳ ಉರುಳಿಸಿ 4 ಕೂಡಿಸಬೇಕು. ಸರಾಸರಿ 13 ಹಿಟ್ ಪಾಯಿಂಟ್, ಅಂದರೆ ಪಾತ್ರದ ಬಲದ ಅಂಕ, ನಷ್ಟ. ಗಾಯ ಮಾಯಿಸುವ ನಿಮ್ಮ ‘ಕ್ಯೂರ್ ವೂಂಡ್ಸ್’ ಮಂತ್ರಕ್ಕೆ ಒಂದೇ ಎಂಟುಮುಖದ ದಾಳ, ಜೊತೆಗೆ ನಿಮ್ಮ ವಿವೇಕಕ್ಕೆ ಸಿಗುವ ಹೆಚ್ಚುವರಿ ಅಂಕ 3 ಎಂದಿಟ್ಟುಕೊಳ್ಳಿ, ಸರಾಸರಿ ಏಳೂವರೆ. 2024ರ ಪರಿಷ್ಕೃತ ಪುಸ್ತಕ ದಾಳವನ್ನು ಎರಡಕ್ಕೇರಿಸಿದೆ, ಆಗಲೂ 12. ಅಂದರೆ ದೈತ್ಯ ಸೋರಿಸಿದಷ್ಟನ್ನು ನೀವು ತುಂಬಲಾರಿರಿ. ಮೊದಲ ಮಟ್ಟದ ಕ್ಲೆರಿಕ್‌ಗೆ ಇಂಥ ಮಂತ್ರ ದಿನಕ್ಕೆ ಎರಡೇ ಬಾರಿ. ತೂತು ಕೊಡಕ್ಕೆ ನೀರು ಹೊಯ್ಯುವ ಬದಲು ದೈತ್ಯ ಬೇಗ ಉರುಳುವಂತೆ ನೋಡಿಕೊಳ್ಳಿ.

ಬೀಳುವ ತನಕ ಕಾಯಿರಿ

ಹೊಸ ವೈದ್ಯರಿಗೆ ಇದು ಅರಗುವುದಿಲ್ಲ. ಗೆಳೆಯನಿಗೆ ಗೀರು ಬಿದ್ದರೂ ಜೀವ ತಡೆಯದೆ ಮಂತ್ರ ಖರ್ಚು ಮಾಡುತ್ತಾರೆ. ಆದರೆ ಈ ಆಟದಲ್ಲಿ ಒಂದೇ ಹಿಟ್ ಪಾಯಿಂಟ್ ಉಳಿದವನ ಕತ್ತಿಗೂ ಮೈತುಂಬ ಬಲವಿರುವವನ ಕತ್ತಿಗೂ ಹರಿತ ಒಂದೇ. ಸೊನ್ನೆಗೆ ಇಳಿದಾಗ ಮಾತ್ರ ಪ್ರಜ್ಞೆ ತಪ್ಪುತ್ತದೆ. ಆಗ ಒಂದು ಅಂಕ ಕೊಟ್ಟರೂ ಕಣ್ಣು ಬಿಡುತ್ತಾನೆ.

ಬಿದ್ದವನು ತನ್ನ ಪ್ರತಿ ಸರದಿಯಲ್ಲೂ ಇಪ್ಪತ್ತು ಮುಖದ ದಾಳ ಉರುಳಿಸಬೇಕು. 10 ಅಥವಾ ಹೆಚ್ಚು ಬಂದರೆ ಗೆಲುವು, ಕಡಿಮೆ ಬಂದರೆ ಸೋಲು. ಮೂರು ಗೆಲುವಿಗೆ ಪ್ರಾಣ ನಿಲ್ಲುತ್ತದೆ, ಮೂರು ಸೋಲಿಗೆ ಹೋಗುತ್ತದೆ. 20 ಬಿದ್ದರೆ ಒಂದು ಅಂಕದೊಡನೆ ಎದ್ದೇ ಬಿಡುತ್ತಾನೆ. 1 ಬಿದ್ದರೆ ಎರಡು ಸೋಲು ಒಟ್ಟಿಗೆ. ಹಾಗಾಗಿ ಸಾಮಾನ್ಯವಾಗಿ ನಿಮಗೆ ಒಂದೆರಡು ಸುತ್ತು ಸಮಯವಿದೆ. ಬಿದ್ದವನ ಪಕ್ಕದಲ್ಲೇ ಶತ್ರು ನಿಂತಿದ್ದರೆ ಇಲ್ಲ.

ಇನ್ನು ಸರದಿಯ ಪಟ್ಟಿ ನೋಡಿ. ಗೆಳೆಯನ ಸರದಿ ದೈತ್ಯನಿಗಿಂತ ಮೊದಲು ಬರುವುದಾದರೆ ಈಗಲೇ ಎಬ್ಬಿಸಿ. ಎದ್ದು ಒಂದು ಏಟಾದರೂ ಹಾಕುತ್ತಾನೆ. ದೈತ್ಯನದೇ ಮೊದಲಾದರೆ ಎಬ್ಬಿಸಿದವನು ಮತ್ತೆ ಮಲಗಬಹುದು, ನಿಮ್ಮ ಮಂತ್ರವೂ ದಂಡ.

ಬೀಳುವ ತನಕ ಕಾಯುವ ಮಾತಿಗೊಂದು ಅಪವಾದವಿದೆ. ಸೊನ್ನೆ ದಾಟಿ ಉಳಿದ ಪೆಟ್ಟು ಆ ಪಾತ್ರದ ಪೂರ್ಣ ಬಲದಷ್ಟೋ ಅದಕ್ಕಿಂತ ಹೆಚ್ಚೋ ಆದರೆ ಪ್ರಾಣ ಅಲ್ಲಿಯೇ ಹೋಗುತ್ತದೆ. ದಾಳ ಉರುಳಿಸುವ ಅವಕಾಶವೂ ಇಲ್ಲ. 7 ಅಂಕದ ಎಳೆಯ ಮಾಂತ್ರಿಕ 1ಕ್ಕೆ ಇಳಿದಿದ್ದಾನೆ, ಓಗರ್ 13ರ ಏಟು ಕೊಟ್ಟ ಎನ್ನಿ. ಮಿಕ್ಕ ಪೆಟ್ಟು 12. ಅವನ ಕಥೆ ಮುಗಿಯಿತು. ಅಂಥವನಿಗೆ ಮಾತ್ರ ಬೀಳುವ ಮೊದಲೇ ಮದ್ದು ಹಾಕಿ.

ಕೂಗಿ ಎಬ್ಬಿಸಿ, ಓಡಿ ಹೋಗಬೇಡಿ

ಕ್ಯೂರ್ ವೂಂಡ್ಸ್‌ಗೆ ಬಿದ್ದವನನ್ನು ಮುಟ್ಟಬೇಕು, ನಿಮ್ಮ ಸರದಿಯ ಮುಖ್ಯ ಕ್ರಿಯೆಯೂ ಅದಕ್ಕೇ ಮುಗಿಯುತ್ತದೆ. ‘ಹೀಲಿಂಗ್ ವರ್ಡ್’ ಎಂಬ ಇನ್ನೊಂದು ಮಂತ್ರ 60 ಅಡಿ ದೂರದಿಂದ ಸಾಗುತ್ತದೆ, ಮುಖ್ಯ ಕ್ರಿಯೆಯ ಜೊತೆಗೆ ಮಾಡಬಹುದಾದ ಕಿರುಕ್ರಿಯೆ, ಅಂದರೆ ಬೋನಸ್ ಆಕ್ಷನ್ ಒಂದೇ ಸಾಕು. ಅದರ ನಾಲ್ಕು ಮುಖದ ದಾಳ ನೋಡಿ ಮೂಗು ಮುರಿಯಬೇಡಿ. ಅದೇ ಸರದಿಯಲ್ಲಿ ನಿಮ್ಮ ಗದೆ ಬೀಸಲು ಮುಖ್ಯ ಕ್ರಿಯೆ ಉಳಿದಿರುತ್ತದೆ. ನನ್ನ ಮಟ್ಟಿಗೆ ಈ ಮಂತ್ರವಿಲ್ಲದ ವೈದ್ಯ ಅರ್ಧ ವೈದ್ಯ.

ಗೆಳೆಯರು ನೆಟ್ಟಗೆ ನಿಂತಿರುವಾಗ ‘ಬ್ಲೆಸ್’ ಎಂಬ ಹರಕೆಯ ಮಂತ್ರ ಹಾಕಿ. ಮೂವರಿಗೆ ಒಂದು ನಿಮಿಷದವರೆಗೆ ಪ್ರತಿ ದಾಳಿಗೂ ಪ್ರತಿ ರಕ್ಷಣೆಗೂ ನಾಲ್ಕುಮುಖದ ದಾಳ ಹೆಚ್ಚಿಗೆ ಸಿಗುತ್ತದೆ. ಈ ಮಂತ್ರ ನಿಮ್ಮ ಏಕಾಗ್ರತೆ ಇರುವ ತನಕ ಮಾತ್ರ, ನಿಮಗೆ ಪೆಟ್ಟು ಬಿದ್ದಾಗ ಅದನ್ನು ಉಳಿಸಿಕೊಳ್ಳಲು ದಾಳದಲ್ಲಿ ಗೆಲ್ಲಬೇಕು. ಸೋತರೆ ಮೂವರ ಹರಕೆಯೂ ಹೋಯಿತು. ಆದ್ದರಿಂದ ಮುಂಚೂಣಿಯಲ್ಲಿ ನಿಂತು ಶೌರ್ಯ ಮೆರೆಯುವ ಆಸೆ ಬಿಡಿ. ನನಗಂತೂ ಬಿಡಲು ಬಹಳ ದಿನ ಬೇಕಾಯಿತು.

ಆಟಕ್ಕೆ ಮೊದಲೇ ಮಾತಾಡಿ

ವೈದ್ಯನೇ ಬಿದ್ದರೆ? ಮದ್ದಿನ ಶೀಶೆಗಳನ್ನೆಲ್ಲ ನಿಮ್ಮ ಜೋಳಿಗೆಗೆ ತುಂಬಿಕೊಂಡಿದ್ದರೆ ಗತಿ ಏನು? ಒಂದಕ್ಕೆ 50 ಚಿನ್ನದ ನಾಣ್ಯ, ಎರಡು ನಾಲ್ಕುಮುಖದ ದಾಳ ಮತ್ತು 2ರಷ್ಟು ಬಲ ಮರಳಿಸುವ ಆ ಶೀಶೆಗಳನ್ನು ತಲಾ ಒಂದರಂತೆ ಹಂಚಿ. 5 ನಾಣ್ಯದ ಚಿಕಿತ್ಸಾ ಪೆಟ್ಟಿಗೆಯನ್ನು ಯೋಧನ ಹೆಗಲಿಗೆ ಹಾಕಿ. ಹತ್ತು ಸಲ ಬಳಸಬಹುದು, ಪ್ರಾಣ ನಿಲ್ಲಿಸಲು ದಾಳವೂ ಬೇಡ.

‘ನನ್ನನ್ನು ಯಾಕೆ ಗುಣ ಮಾಡಲಿಲ್ಲ’ ಎಂದು ಸರದಿಗೊಮ್ಮೆ ಹಲುಬುವವನೊಬ್ಬ ಎಲ್ಲ ಗುಂಪಿನಲ್ಲೂ ಇರುತ್ತಾನೆ. ಬೀಳದೆ ಮಂತ್ರವಿಲ್ಲ ಎಂದು ಚಹಾ ಕುಡಿಯುವಾಗಲೇ ಅವನಿಗೆ ಹೇಳಿಬಿಡಿ.

ಐದನೆಯ ಮಟ್ಟ ತಲುಪಿದ ಕ್ಲೆರಿಕ್‌ಗೆ ‘ರಿವಿವಿಫೈ’ ಸಿಗುತ್ತದೆ: ಸತ್ತು ಒಂದು ನಿಮಿಷದೊಳಗಾದರೆ ಜೀವ ಮರಳುತ್ತದೆ. ಅದಕ್ಕೆ 300 ನಾಣ್ಯ ಬೆಲೆಯ ವಜ್ರ ಬೇಕು, ಮಂತ್ರದ ಜೊತೆ ಅದೂ ಉರಿದುಹೋಗುತ್ತದೆ. ಎಲ್ಲರೂ ಸೇರಿ ದುಡ್ಡು ಹಾಕಿ ಆ ಮಟ್ಟ ಮುಟ್ಟುವ ಮೊದಲೇ ಕೊಂಡು, ವೈದ್ಯನ ಕೈಗೇ ಕೊಡಿ. ನಮ್ಮ ಗುಂಪಿನಲ್ಲಿ ವಜ್ರ ಕಾಯುವ ಹೊಣೆಯನ್ನು ಕಳ್ಳನ ಪಾತ್ರದವನು ಬಹಳ ಉತ್ಸಾಹದಿಂದ ವಹಿಸಿಕೊಂಡ. ಪಾತಾಳದಂಥ ಕಂದಕಕ್ಕೆ ಮೊದಲು ಬಿದ್ದವನೂ ಅವನೇ, ವಜ್ರದ ಸಮೇತ.