ಬೋರ್‌ವೆಲ್ ತಂತಿ: ತಾಮ್ರವೇ ಆಗಬೇಕೇ?

ಬೋರ್‌ವೆಲ್‌ಗೆ ಮೋಟರ್ ಇಳಿಸುವುದು, ಕೇಬಲ್ ಎಳೆಯುವುದು ನನ್ನ ಕಸುಬು. ‘ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ ವೋಲ್ಟೇಜ್ ಚೆನ್ನಾಗೇ ಇದೆ ಅಣ್ಣಾ, ಮೋಟರ್ ಮಾತ್ರ ಪದೇ ಪದೇ ಸುಡ್ತಾ ಇದೆ’ ಎಂದು ಯಾರಾದರೂ ಕರೆದರೆ ನಾನು ಮೊದಲು ನೋಡುವುದು ಅಲ್ಲಿಗೆ ಹೋಗಿರುವ ತಂತಿಯನ್ನು.

ಮೋಟರ್ ಓಡುತ್ತಿರುವಾಗಲೇ ಮೀಟರ್ ಬೋರ್ಡಿನಲ್ಲೊಮ್ಮೆ, ಬೋರ್‌ವೆಲ್ ಪಕ್ಕದ ಸ್ಟಾರ್ಟರಿನಲ್ಲೊಮ್ಮೆ ವೋಲ್ಟೇಜ್ ನೋಡುತ್ತೇನೆ. ಮೋಟರ್ ನಿಂತಿದ್ದಾಗ ನೋಡಿ ಪ್ರಯೋಜನವಿಲ್ಲ, ಎರಡೂ ಕಡೆ ಒಂದೇ ತೋರಿಸುತ್ತದೆ. ಕರೆಂಟು ಹರಿದರೆ ಮಾತ್ರ ತಂತಿಯ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ಅಡ್ಡಿ, ಬಯಲಿಗೆ ಬರುವುದು.

ಲೆಕ್ಕ ಹೀಗಿದೆ. 5 ಎಚ್‌ಪಿ ತ್ರೀಫೇಸ್ ಮೋಟರು ಸುಮಾರು 10 ಆಂಪಿಯರ್ ಎಳೆಯುತ್ತದೆ ಎನ್ನಿ, ದೂರ 300 ಮೀಟರ್. 4 ಚದರ ಮಿ.ಮೀ. ಅಲ್ಯೂಮಿನಿಯಂ ತಂತಿಯಾದರೆ ಒಂದೊಂದು ಎಳೆಯ ರೋಧ 2.2 ಓಮ್. ಅದನ್ನು 10 ಆಂಪಿಯರ್‌ನಿಂದ, ತ್ರೀಫೇಸ್ ಆದ್ದರಿಂದ ಮತ್ತೆ 1.73ರಿಂದ ಗುಣಿಸಿದರೆ, ದಾರಿಯಲ್ಲೇ 38 ವೋಲ್ಟ್ ಹೋಯಿತು. ಮೊದಲೇ ಲೋ ವೋಲ್ಟೇಜ್ ಇರುವ ಹೊತ್ತಿನಲ್ಲಿ ಇಷ್ಟು ಕಡಿಮೆಯಾದರೆ ಮೋಟರು ಅದೇ ಕೆಲಸಕ್ಕೆ ಹೆಚ್ಚು ಕರೆಂಟು ಎಳೆದು ಕಾಯುತ್ತದೆ. ಕಾದ ತಾಮ್ರದ ರೋಧ ಡಿಗ್ರಿಗೆ ಸುಮಾರು ಶೇ. 0.4ರಷ್ಟು ಏರುವುದರಿಂದ ವೈಂಡಿಂಗ್ ಇನ್ನಷ್ಟು ಬಿಸಿಯಾಗುತ್ತದೆ.

ಅಷ್ಟೇ ದಪ್ಪದ ತಾಮ್ರ ಹಾಕಿದರೆ ನಷ್ಟ 24 ವೋಲ್ಟಿಗೆ ಇಳಿಯುತ್ತದೆ. ಆದರೆ ‘ತಾಮ್ರವೇ ಆಗಬೇಕು’ ಎನ್ನುವ ಹಟ ನನಗಿಲ್ಲ. 10 ಚದರ ಮಿ.ಮೀ. ಅಲ್ಯೂಮಿನಿಯಂ ಎಳೆದರೆ ನಷ್ಟ ಬರೀ 16 ವೋಲ್ಟ್, 6 ಚದರದ ತಾಮ್ರಕ್ಕೆ ಸರಿಸಮ, ಲೋಹದ ತೂಕ ಅದರ ಅರ್ಧ. ಹೊಲದ ಮೇಲೆ ಹಾದುಹೋಗುವ ಹೈಟೆನ್ಷನ್ ಲೈನುಗಳೂ ಉಕ್ಕಿನ ಎಳೆಯ ಸುತ್ತ ಹೆಣೆದ ಅಲ್ಯೂಮಿನಿಯಮ್ಮೇ. ಬೋರ್ ಒಳಗೆ ಇಳಿಯುವ ಫ್ಲಾಟ್ ಕೇಬಲ್ ಮಾತ್ರ ತಾಮ್ರದ್ದೇ ಇರಲಿ ಎನ್ನುತ್ತೇನೆ.

ಅಗ್ಗಕ್ಕೆ ಸಿಕ್ಕ ‘ತಾಮ್ರದ’ ವೈರಿನ ಮೇಲೆ ಅನುಮಾನ ಬಂದರೆ ಬ್ಲೇಡಿನಿಂದ ಒಂದು ಎಳೆ ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಇಷ್ಟು ಕಡಿಮೆ ರೋಧವನ್ನು ಮಲ್ಟಿಮೀಟರಿನ ಓಮ್ ರೇಂಜಿನಲ್ಲಿ ಅಳೆಯಲು ಹೋಗಬೇಡಿ, ಅದರ ಪ್ರೋಬ್ ತಂತಿಯ ರೋಧವೂ ಸೇರಿಕೊಳ್ಳುತ್ತದೆ. ನಾನು 12 ವೋಲ್ಟ್ ಬ್ಯಾಟರಿ, ಹೆಡ್‌ಲೈಟ್ ಬಲ್ಬು, 100 ಮೀಟರ್ ಕಾಯಿಲ್ ಮೂರನ್ನೂ ಸೀರೀಸ್‌ನಲ್ಲಿ (ಒಂದರ ಹಿಂದೊಂದು) ಸೇರಿಸಿ, ಹರಿಯುವ ಕರೆಂಟನ್ನೂ ಕಾಯಿಲಿನ ಎರಡು ತುದಿಗಳ ನಡುವಿನ ವೋಲ್ಟೇಜನ್ನೂ ಅಳೆದು, ವೋಲ್ಟೇಜನ್ನು ಕರೆಂಟಿನಿಂದ ಭಾಗಿಸುತ್ತೇನೆ. 1.5 ಚದರದ ಒಳ್ಳೆಯ ತಾಮ್ರ ಸುಮಾರು 1.2 ಓಮ್ ಕೊಡಬೇಕು. ಬಿಸಿಲ ದಿನ ತುಸು ಹೆಚ್ಚು ಬಂದರೆ ಸರಿಯೇ, 1.8 ಬಂದರೆ ವಾಪಸ್.

ಇನ್ನು ಜಾಯಿಂಟು. ಅಲ್ಯೂಮಿನಿಯಮ್ಮಿಗೆ ಗಾಳಿ ತಾಗಿದೊಡನೆ ಮೇಲೊಂದು ಆಕ್ಸೈಡ್ ಪದರ ಕಟ್ಟುತ್ತದೆ, ಅದರಲ್ಲಿ ಕರೆಂಟು ಹರಿಯದು. ತಾಮ್ರದ ಜೊತೆ ಬರಿದೇ ಹೊಸೆದು ಟೇಪು ಸುತ್ತಿದರೆ ಅಲ್ಲೇ ಕಾದು ಕರಕಲಾಗುತ್ತದೆ. ಬ್ರಷ್‌ನಿಂದ ಉಜ್ಜಿ, ಜಾಯಿಂಟಿನ ಪೇಸ್ಟ್ ಹಚ್ಚಿ, ಬೈಮೆಟಲ್ ಲಗ್ (ಒಂದು ಕಡೆ ಅಲ್ಯೂಮಿನಿಯಂ, ಇನ್ನೊಂದು ಕಡೆ ತಾಮ್ರ ಇರುವ ಜೋಡಣೆ ತುಂಡು) ಹಾಕಿ ಕ್ರಿಂಪ್ ಮಾಡುತ್ತೇನೆ, ಅಂದರೆ ಒತ್ತಿ ಬಿಗಿಯುತ್ತೇನೆ. ಆಮೇಲೆ ಅರ್ಧ ಗಂಟೆ ಮೋಟರ್ ಓಡಿಸಿ ಲಗ್ಗಿನ ಈಚೆ ಆಚೆ ಮಿಲಿವೋಲ್ಟ್ ನೋಡುತ್ತೇನೆ. ಅಷ್ಟೇ ಉದ್ದದ ತಂತಿಗಿಂತ ಹೆಚ್ಚು ತೋರಿಸಿದರೆ ಮೇನ್ ಆಫ್ ಮಾಡಿ, ಆ ಲಗ್ ಕತ್ತರಿಸಿ ಹೊಸದು ಕೂರಿಸುತ್ತೇನೆ.